ಜಿಟಿ 710, ಲಿನಕ್ಸ್ ಮಿಂಟ್, ತಮ್ಮನ ಸ್ಕೈರಿಮ್: ಆಟ ತಗದು ಮುಚ್ಚಾಕತ್ತೈತಿ, ದಾರಿ ಹೇಳ್ರಿ

ಮುಳಗುಂದ ನಾಕಾ (ಗದಗ)
ಸೋಮವಾರ, ರಾತ್ರಿ 9:50

ನಮಸ್ಕಾರ್ರಿ ಎಲ್ಲಾರಿಗೂ. ನಾ ಗದಗಿನಾಕಿ, ಝೆರಾಕ್ಸ್ ಮತ್ತ ಆನ್‌ಲೈನ್ ಅರ್ಜಿ ತುಂಬೂ ಅಂಗಡಿ ನಡಸ್ತೀನಿ. ಮೊದಲ ಅಂಗಡ್ಯಾಗಿದ್ದ ಹಳೇ ಕಂಪ್ಯೂಟರ್ ಈಗ ಮನ್ಯಾಗೈತಿ. ಫೋರ್ತ್ ಜನರೇಷನ್ ಐ5, 8 ಜಿಬಿ ರ‍್ಯಾಮ್, 2 ಜಿಬಿ ಜಿಟಿ 710 ಗ್ರಾಫಿಕ್ಸ್ ಕಾರ್ಡ್. ಹಗಲಿ ಅಂಗಡ್ಯಾಗ ಉಳದ ಅರ್ಜಿ ರಾತ್ರಿ ಇದರಾಗ ಕುಂತು ತುಂಬ್ತೀನಿ. ಮಂದಿ ಆಧಾರ್, ಮಾರ್ಕ್ಸ್ ಕಾರ್ಡ್, ಜಾತಿ ಪ್ರಮಾಣಪತ್ರ ಎಲ್ಲಾ ಇದರ ಮ್ಯಾಲೆ ಹಾದು ಹೋಗ್ತಾವು.

2025ರ ಅಕ್ಟೋಬರ್ 14ಕ್ಕ ವಿಂಡೋಸ್ 10ರ ಸಪೋರ್ಟ್ ಮುಗೀತು. 11 ಹಾಕೂಣು ಅಂದ್ರ ಈ ಪ್ರೊಸೆಸರ್ ನಡೆಯೂದಿಲ್ಲ ಅಂತೈತಿ. ರಿಪೇರಿ ಅಂಗಡ್ಯಾಗ ಕೇಳಿದ್ರ ಇದನ್ನ ಗುಜರಿಗೆ ಹಾಕಿ ಹೊಸಾದು ತೊಗೋರಿ ಅಂದ್ರು. ಈ ವರ್ಷ ಅಷ್ಟ ರೊಕ್ಕ ಹೊಂದಸಾಕ ಆಗೂದಿಲ್ಲ. ಹಿಂಗಾಗಿ ವಿಂಡೋಸ್ ಬಾಜೂಕ ಲಿನಕ್ಸ್ ಮಿಂಟ್ 22 ಹಾಕೀನಿ, ಅದು ವಿಂಡೋಸ್‌ನಂಗ ಕಂಪ್ಯೂಟರ್ ನಡಸೂ ಪುಕ್ಕಟೆ ವ್ಯವಸ್ಥಾ. ಬ್ರೌಸರ್, ಪ್ರಿಂಟರ್, ಸ್ಕ್ಯಾನರ್ ಎಲ್ಲಾ ಚಲೋ ನಡದಾವು. ಆ ಬಗ್ಗೆ ನನಗೇನೂ ತಕರಾರಿಲ್ಲ.

ತಕರಾರು ತಮ್ಮನ ಆಟದ್ದು. ಅವ ಹುಬ್ಬಳ್ಳ್ಯಾಗ ಡಿಪ್ಲೊಮಾ ಓದ್ತಾನ, ಹಾಸ್ಟೆಲ್‌ನಾಗ ಇರ್ತಾನ. ಸ್ಟೀಮ್ ಅನ್ನೂ ಆಟದ ಆನ್‌ಲೈನ್ ಅಂಗಡ್ಯಾಗ ಸ್ಕೈರಿಮ್ ಅಂತ 2011ರ ಆಟ ಕೊಂಡಾನ, ಮೂರು ವರ್ಷದಿಂದ ರಜಾಕ್ಕ ಬಂದಾಗೆಲ್ಲಾ ಅದನ್ನ ಆಡ್ತಾನ. ಯುಗಾದಿಗೆ ಬರ್ತಾನ. ಅಷ್ಟರಾಗ ವಿಂಡೋಸ್ ಅಳಿಸಿ ಇಡೀ ಡಿಸ್ಕ್ ಮಿಂಟ್‌ಗೆ ಕೊಡಬೇಕಂತ ಮಾಡೀನಿ. ಆದ್ರ ಅವನ ಆಟ, ಅವನ ಸೇವ್ ಫೈಲ್ ಕಳದ್ರ ನನಗ ಸಮಾಧಾನ ಇಲ್ಲ. ಮಿಂಟ್‌ನಾಗ ಸ್ಟೀಮ್ ಹಾಕಿ ಆಟ ಒತ್ತಿದ್ರ "ಶುರು ಆಗಾಕತ್ತೈತಿ" ಅಂತ ತೋರಿಸ್ತೈತಿ, ಹತ್ತು ಸೆಕೆಂಡ್‌ಗೆ ಮತ್ತ ಹಸರು ಬಟನ್ ಬರ್ತೈತಿ. ಯಾವ ಎರರ್ರೂ ಇಲ್ಲ. ಏನ್ ಮಾಡ್ಲಿ?


ರಾಣೆಬೆನ್ನೂರ ರಾತ್ರಿಪಾಳಿ
ಸೋಮವಾರ, ರಾತ್ರಿ 10:15

ಅಕ್ಕಾರ, ಇಷ್ಟೆಲ್ಲಾ ಯಾಕ ತ್ರಾಸ ಮಾಡ್ಕೋತೀರಿ. ವಿಂಡೋಸ್ 11ರ ಪೆನ್‌ಡ್ರೈವ್ ಮಾಡುವಾಗ ಟಿಪಿಎಂ (ಭದ್ರತಾ ಚಿಪ್) ಚೆಕ್ ತಗದು ಹಾಕೂ ಆಯ್ಕೆ ಬರ್ತೈತಿ. ನಾ ಇಬ್ಬರ ಮಷೀನಿಗೆ ಹಂಗ ಹಾಕಿ ಕೊಟ್ಟೀನಿ, ನಡದಾವು. ಲಿನಕ್ಸ್‌ನಾಗ ವಿಂಡೋಸ್ ಆಟ ಅಂದ್ರ ಎಮ್ಯುಲೇಟರ್ ಆತಲ್ಲಾ, ಜಿಟಿ 710 ಅದರ ಭಾರ ತಡಿಯೂದಿಲ್ಲ.


ಉಣಕಲ್ ದಂಡಿ (ಹುಬ್ಬಳ್ಳಿ)
ಸೋಮವಾರ, ರಾತ್ರಿ 10:40

ರಾಣೆಬೆನ್ನೂರ ಅಣ್ಣಾ, ನಡೀತಾವು ಖರೆ. ಆದ್ರ ಸಪೋರ್ಟ್ ಇಲ್ಲದ ಮಷೀನಿಗೆ ಅಪ್‌ಡೇಟ್ ಬಂದೇ ಬರ್ತೈತಿ ಅಂತ ಮೈಕ್ರೋಸಾಫ್ಟ್ ಮಾತು ಕೊಟ್ಟಿಲ್ಲ. ಅಕ್ಕಾರ ಮಷೀನಿನ್ಯಾಗ ಬ್ಯಾರೆ ಮಂದಿ ಆಧಾರ್ ಅದಾವು. ಅಂಥಾದ್ರಾಗ ಹಂಗ ಮಾಡೂದು ನನಗ ಸರಿ ಕಾಣೂದಿಲ್ಲ. ಎಮ್ಯುಲೇಟರ್ ಅನ್ನೂದೂ ತಪ್ಪು, ಅದನ್ನ ತಿಳದವ್ರು ಹೇಳ್ತಾರ.

ಅಕ್ಕಾರ, ನಾ ಕಂಪ್ಯೂಟರ್ ರಿಪೇರಿನ ಮಾಡ್ತೀನಿ, ವಾರಕ್ಕ ಒಂದಾದ್ರೂ ಇಂಥಾ ಮಷೀನ್ ಬರ್ತೈತಿ. ಮೂರು ಮಾತು ಕೇಳ್ತೀನಿ, ಸಾವಕಾಶ ಉತ್ತರ ಕೊಡ್ರಿ.

ಆಟ ಯಾವ ಡಿಸ್ಕ್‌ನಾಗೈತಿ? ಹೊಸದಾಗಿ ಇಳಿಸಿಕೊಂಡ್ರೊ, ವಿಂಡೋಸ್‌ನ ಡಿ ಡ್ರೈವ್‌ನಾಗಿದ್ದದ್ದನ್ನ ತೋರಿಸಿದ್ರೊ? ಮಿಂಟ್‌ನ ಡ್ರೈವರ್ ಮ್ಯಾನೇಜರ್ ತಗದ್ರ ಕಾರ್ಡ್ ಕಂಪನಿಯ ಎನ್‌ವಿಡಿಯಾ 470 ಡ್ರೈವರ್ ಹಚ್ಚೀರೊ, ಲಿನಕ್ಸ್ ಜೋಡಿ ಬರೂ ನೂವೋ ಡ್ರೈವರ್ ಅಂತೈತೊ? ಸ್ಟೀಮ್‌ನಾಗ ಆಟದ ಹೆಸರಿನ ಮ್ಯಾಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ ಅಂತ ಹೋದ್ರ ಯಾವ ಪ್ರೋಟಾನ್ (ಲಿನಕ್ಸ್‌ನಾಗ ವಿಂಡೋಸ್ ಆಟ ನಡಸೂ ಸ್ಟೀಮ್‌ನ ಸಾಧನ) ಐತಿ?

ಮತ್ತ ಒಂದು. ಬ್ಯಾರೆ ಏನು ಮುಟ್ಟೂಕಿಂತ ಮೊದಲ ತಮ್ಮನ ಸೇವ್ ಫೈಲ್ ಪೆನ್‌ಡ್ರೈವ್‌ನಾಗ ಹಾಕ್ಕೋರಿ. ವಿಂಡೋಸ್‌ನ ಡಾಕ್ಯುಮೆಂಟ್ಸ್ ಒಳಗ ಮೈ ಗೇಮ್ಸ್, ಅದರಾಗ ಸ್ಕೈರಿಮ್, ಅದರಾಗ ಸೇವ್ಸ್. ಇ ಎಸ್ ಎಸ್ ಅಂತ ಕೊನಿಗಿದ್ದ ಫೈಲ್ ಅದಾವಲ್ಲಾ, ಅವ.


ಸಪ್ತಾಪುರ ಮಾಸ್ತರ (ಧಾರವಾಡ)
ಮಂಗಳವಾರ, ಬೆಳಿಗ್ಗೆ 6:30

ಎಮ್ಯುಲೇಟರ್ ಅಲ್ಲ ಅಂದ್ರೇನು ಅನ್ನೋದನ್ನ ನಾ ಸ್ವಲ್ಪ ಬಿಡಿಸಿ ಹೇಳ್ತೀನಿ. ಇದು ತಿಳೀದಿದ್ರ ಮುಂದ ತೊಂದ್ರಿ ಬಂದಾಗ ಎಲ್ಲಿ ಕೈ ಹಾಕಬೇಕು ಅನ್ನೋದು ಗೊತ್ತಾಗೂದಿಲ್ಲ.

ಎಮ್ಯುಲೇಟರ್ ಅಂದ್ರ ಬ್ಯಾರೆ ಜಾತಿ ಪ್ರೊಸೆಸರ್‌ಗೆ ಬರದ ಪ್ರೋಗ್ರಾಮನ್ನ ಒಂದೊಂದ ಅಪ್ಪಣೆ ಬದಲಿಸಿ ನಡಸೋದು. ಅದು ನಿಧಾನ. ವಿಂಡೋಸ್ ಆಟ, ಲಿನಕ್ಸ್ ಇರೋ ಈ ಕಂಪ್ಯೂಟರ್, ಎರಡೂ ಒಂದೇ ಪ್ರೊಸೆಸರ್ ಭಾಷಾದವು. ಆಟದೊಳಗಿನ ಲೆಕ್ಕಾಚಾರ ಎಲ್ಲಾ ಐ5 ತಾನ ನೇರ ಓದಿ ಮಾಡ್ತದ. ಆಟ ಸಿಕ್ಕೊಳ್ಳೋದು ಎಲ್ಲಿ ಅಂದ್ರ, ನಡುನಡುವ ಅದು ವಿಂಡೋಸ್‌ನ್ನ ಕೇಳ್ತದ: ಒಂದು ಕಿಟಕಿ ತಗದು ಕೊಡು, ಈ ಫೈಲ್ ಓದಿ ಕೊಡು, ಈ ಧ್ವನಿ ಹಾಕು. ವಿಂಡೋಸ್ ಇಲ್ಲ, ಕೇಳಿದ್ದಕ್ಕ ಉತ್ತರ ಕೊಡೋರಿಲ್ಲ. ಆ ಉತ್ತರ ಕೊಡೋ ಕೆಲಸನ ವೈನ್ ಮಾಡ್ತದ. ವಿಂಡೋಸ್‌ನ ಡಿಎಲ್‌ಎಲ್ ಅನ್ನೋ ಕೆಲಸದ ಫೈಲ್‌ಗಳು ಏನೇನು ಮಾಡ್ತಾವೋ ಅದನ್ನೆಲ್ಲಾ ಹೊಸದಾಗಿ, ಮೈಕ್ರೋಸಾಫ್ಟ್‌ನ ಕೋಡ್ ಮುಟ್ಟದ ಬರದಾರ. "ವೈನ್ ಈಸ್ ನಾಟ್ ಆ್ಯನ್ ಎಮ್ಯುಲೇಟರ್" ಅಂತ ಅದರ ಹೆಸರೊಳಗ ಹೇಳ್ಯಾರ.

ಇದು ನಿನ್ನೆ ಮೊನ್ನೆಯ ಕೆಲಸ ಅಲ್ಲ. 1993ರಾಗ ಬಾಬ್ ಆಮ್‌ಸ್ಟಾಟ್ ಮತ್ತು ಎರಿಕ್ ಯಂಗ್‌ಡೇಲ್ ಶುರು ಮಾಡಿದ್ರು, ವಿಂಡೋಸ್ 3.1ರ ಕಾಲ. ಮರುವರ್ಷದಿಂದ ಅಲೆಕ್ಸಾಂಡ್ರ್ ಜೂಲಿಯಾರ್ ಅದರ ಹೊಣೆ ಹೊತ್ತಾರ. 1.0 ಅಂತ ಹೆಸರು ಇಟ್ಟು ಬಿಟ್ಟದ್ದು 2008ರ ಜೂನ್ 17ಕ್ಕ. 15 ವರ್ಷ ಹಿಡೀತು! ಒಂದು ಹಾಳಿಯ ಮೊದಲನೇ ಪ್ರತಿ ತಗಿಲಿಕ್ಕೆ ಅಷ್ಟು ದಿವಸ ತಾಳ್ಮೆ ಇಟ್ಟುಕೊಂಡವರ ಬಗ್ಗೆ ನನಗ ಭಾಳ ಗೌರವ ಅದ.

ಆಟಕ್ಕ ಮಾತ್ರ ವೈನ್ ಒಂದ ಸಾಲಲಿಲ್ಲ. ಆಟಗಳು ಚಿತ್ರ ಬಿಡಿಸಲಿಕ್ಕೆ ಡೈರೆಕ್ಟ್‌ಎಕ್ಸ್ ಬಳಸ್ತಾವ, ಅದು ಮೈಕ್ರೋಸಾಫ್ಟ್‌ದು, ಲಿನಕ್ಸ್‌ನಾಗ ಇಲ್ಲ. ಮೊದಲ ವೈನ್ ಅದನ್ನ ಓಪನ್‌ಜಿಎಲ್ ಅನ್ನೋ ಹಳೇ ಚಿತ್ರದ ಭಾಷಾಕ್ಕ ತಿರುಗಿಸ್ತಿತ್ತು, ಹೊಸ ಆಟಗಳಿಗೆ ಅದರ ಕೈ ಸೋತು ಹೋಗ್ತಿತ್ತು. ಫಿಲಿಪ್ ರೆಬೋಲೆ ಅನ್ನೋ ಜರ್ಮನ್ ಹುಡುಗ ನಿಯರ್ ಆಟೋಮೇಟಾ ಅನ್ನೋ ಒಂದು ಆಟ ಲಿನಕ್ಸ್‌ನಾಗ ಆಡಬೇಕಂತ ಹಟ ಹಿಡಿದು ಡಿಎಕ್ಸ್‌ವಿಕೆ ಬರದ. ಡೈರೆಕ್ಟ್‌ಎಕ್ಸ್‌ನ ಮಾತನ್ನ ಅದು ವಲ್ಕನ್‌ಗೆ ತಿರುಗಿಸ್ತದ, ವಲ್ಕನ್ ಅಂದ್ರ ಕಾರ್ಡ್‌ನ ಸನೇಕ ಇರೋ ಭಾಷಾ. ಸ್ಟೀಮ್ ನಡಸೋ ವಾಲ್ವ್ ಕಂಪನಿ ವೈನ್, ಡಿಎಕ್ಸ್‌ವಿಕೆ ಎಲ್ಲಾ ಸೇರಿಸಿ ಪ್ರೋಟಾನ್ ಅಂತ ಮಾಡಿ 2018ರ ಆಗಸ್ಟ್ 21ಕ್ಕ ಬಿಟ್ಟಿತು. ತಂಗಿ, ನೀವು ಈಗ ನಡಸಲಿಕ್ಕೆ ನೋಡ್ಲಿಕ್ಕತ್ತಿದ್ದು ಅದನ್ನ.


ಬ್ಯಾಡಗಿ ಖಾರ (ಹಾವೇರಿ ಜಿಲ್ಲೆ)
ಮಂಗಳವಾರ, ಬೆಳಿಗ್ಗೆ 8:05

ಮಾಸ್ತರ್ರ, ಈಗ ತಲಿಗೆ ಹೊಕ್ಕಿತು. ನಮ್ಮ ಮೆಣಸಿನಕಾಯಿ ಮಾರ್ಕೆಟ್‌ಗೆ ಆಂಧ್ರದ ಕಡಿಯಿಂದ ರೈತ್ರು ಬರ್ತಾರ, ಅವ್ರಿಗೆ ಕನ್ನಡ ಬರೂದಿಲ್ಲ. ನಡುವ ದಲಾಲ್ರು ತೆಲುಗು ಮಾತಾಡಿ ರೇಟ್ ಮುಟ್ಟಸ್ತಾರ. ಚೀಲ ಎತ್ತೂದು ಹಮಾಲ್ರ. ದಲಾಲ್ರು ಇದ್ದ ಮಾತ್ರಕ್ಕ ಹಮಾಲ್ರ ಕೆಲಸ ನಿಧಾನ ಆಗೂದಿಲ್ಲ, ಮಾತಿಗೆ ಬೇಕಾದಷ್ಟು ಹೊತ್ತು ಮಾತ್ರ ಹೋಗ್ತೈತಿ. ವೈನ್ ದಲಾಲಿ, ಪ್ರೊಸೆಸರ್ ಹಮಾಲ. ಹಿಂಗ ತಿಳಕೊಂಡ್ರ ನಡೀತೈತಿ ಅಲ್ರಿ?


ಸಪ್ತಾಪುರ ಮಾಸ್ತರ (ಧಾರವಾಡ)
ಮಂಗಳವಾರ, ಬೆಳಿಗ್ಗೆ 8:20

ಬರೋಬ್ಬರಿ ಅದ. ಸಾಲಿ ಹುಡುಗರಿಗೆ ಹೇಳುವಾಗ ಇನ್ನ ಮ್ಯಾಲೆ ನಾನೂ ಇದನ್ನ ಹೇಳ್ತೀನಿ.


ಮುಳಗುಂದ ನಾಕಾ (ಗದಗ)
ಮಂಗಳವಾರ, ರಾತ್ರಿ 9:30

ಮಾಸ್ತರ್ರ, ಎರಡು ಸಲ ಓದಿದೆ. ಇಷ್ಟು ಬಿಡಿಸಿ ಕನ್ನಡದಾಗ ನನಗ ಎಲ್ಲೂ ಸಿಕ್ಕಿದ್ದಿಲ್ಲ, ಭಾಳ ಉಪಕಾರ ಆತು.

ಉಣಕಲ್ ಅಣ್ಣಾರ, ಸೇವ್ ಫೈಲ್ ಪೆನ್‌ಡ್ರೈವ್‌ಗೆ ಹಾಕೀನಿ, 37 ಫೈಲ್ ಅದಾವು. ಇನ್ನೊಂದು ಪ್ರತಿ ಫೋನ್‌ನಾಗೂ ಇಟ್ಟೀನಿ. ಡ್ರೈವರ್ ನೂವೋ ಅಂತಿತ್ತು, ಡ್ರೈವರ್ ಮ್ಯಾನೇಜರ್‌ನಾಗ ಎನ್‌ವಿಡಿಯಾ 470 ಆರಿಸಿ ರೀಸ್ಟಾರ್ಟ್ ಮಾಡಿದೆ. ಪ್ರೋಟಾನ್ 9 ಅಂತ ತೋರಸ್ತೈತಿ. ಆಟ ನಾ ಇಳಿಸಿಲ್ಲ. ದಿನಕ್ಕ ಒಂದೂವರಿ ಜಿಬಿ ಫೋನ್ ಡೇಟಾನ ನಮಗ ಗತಿ, ಅದಕ್ಕ ವಿಂಡೋಸ್‌ನ ಡಿ ಡ್ರೈವ್‌ನಾಗಿದ್ದ ಸ್ಟೀಮ್ ಫೋಲ್ಡರನ್ನ ಇದಕ್ಕ ತೋರಿಸಿದೆ. ಆಟ ಐತಿ ಅಂತ ಗುರುತು ಹಿಡೀತು. ಆದ್ರ ತಗಿಯೂದಿಲ್ಲ.


ಉಣಕಲ್ ದಂಡಿ (ಹುಬ್ಬಳ್ಳಿ)
ಮಂಗಳವಾರ, ರಾತ್ರಿ 10:10

ಅಲ್ಲೇ ಐತಿ ನೋಡ್ರಿ ಮೊದಲನೇ ಗಂಟು. ಡಿ ಡ್ರೈವ್ ಎನ್‌ಟಿಎಫ್‌ಎಸ್, ಅಂದ್ರ ವಿಂಡೋಸ್‌ನ ಪದ್ಧತಿಯೊಳಗ ಫೈಲ್ ಇಡೂ ಡಿಸ್ಕ್. ನನ್ನ ಕಡೆ ಬರೂ ಡ್ಯುಯಲ್ ಬೂಟ್ (ವಿಂಡೋಸ್, ಲಿನಕ್ಸ್ ಎರಡೂ ಇರೂ) ಮಷೀನ್‌ನಾಗ ಇದನ್ನ ಎಷ್ಟು ಸಲ ನೋಡೀನೊ ಲೆಕ್ಕ ಇಲ್ಲ.

ಪ್ರೋಟಾನ್ ಪ್ರತಿ ಆಟಕ್ಕೂ ಒಂದು ಬ್ಯಾರೆ ಮನಿ ಕಟ್ಟತೈತಿ, ಪ್ರಿಫಿಕ್ಸ್ ಅಂತಾರ. ಸ್ಟೀಮ್‌ಆ್ಯಪ್ಸ್ ಒಳಗ ಕಾಂಪ್ಯಾಟ್‌ಡೇಟಾ ಅಂತ ಫೋಲ್ಡರ್, ಅದರಾಗ ಆಟದ ನಂಬರಿನ ಫೋಲ್ಡರ್. ನಿಮ್ಮ ಸ್ಕೈರಿಮ್‌ದು 72850. ಅದರೊಳಗ ಡ್ರೈವ್_ಸಿ ಅಂತ ಒಂದು ಸಣ್ಣ ವಿಂಡೋಸ್‌ನ ಅಚ್ಚು ಇರ್ತೈತಿ. ಬಾಜೂಕ ಡಾಸ್‌ಡಿವೈಸಸ್ ಅಂತ ಫೋಲ್ಡರ್, ಅದರಾಗ "ಸಿ:" "ಝಡ್:" ಅಂತ ಹೆಸರಿನ ಕೊಂಡಿಗಳು. ಆ ಹೆಸರಿನ್ಯಾಗ ಕೋಲನ್ ಐತಿ ನೋಡ್ರಿ, ಎರಡು ಚುಕ್ಕಿ. ವಿಂಡೋಸ್‌ನ ಫೈಲ್ ಹೆಸರಿನ್ಯಾಗ ಕೋಲನ್ ಬರೂಹಂಗಿಲ್ಲ. ಎನ್‌ಟಿಎಫ್‌ಎಸ್ ಡಿಸ್ಕ್ ಮ್ಯಾಲೆ ಆ ಮನಿ ಸರಿಯಾಗಿ ಏಳೂದಿಲ್ಲ, ಎದ್ರೂ ಮುಂದ ಡಿಸ್ಕ್‌ನ ವಿಂಡೋಸ್ ತಗದಾಗ ಕಿರಿಕಿರಿ.

ಇನ್ನೊಂದು ಕಾರಣನೂ ಇರ್ತೈತಿ. ವಿಂಡೋಸ್‌ನಾಗ ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ರ, ಶಟ್‌ಡೌನ್ ಮಾಡಿದ್ರೂ ಅದು ಪೂರ್ತಿ ಮಲಗಿರೂದಿಲ್ಲ, ಡಿಸ್ಕ್ ಹಿಡಕೊಂಡಿರ್ತೈತಿ. ಆಗ ಲಿನಕ್ಸ್ ಆ ಡಿಸ್ಕನ್ನ ಓದಾಕ ಮಾತ್ರ ತಗೀತೈತಿ, ಬರಿಯಾಕ ಬಿಡೂದಿಲ್ಲ.

ಇಳಿಸೂದೇನೂ ಬ್ಯಾಡ, ನಿಮ್ಮ ಡೇಟಾ ಹಾಳು ಮಾಡಬ್ಯಾಡ್ರಿ. ವಿಂಡೋಸ್‌ನಾಗ ಒಮ್ಮೆ ಫಾಸ್ಟ್ ಸ್ಟಾರ್ಟಪ್ ಬಂದ್ ಮಾಡಿ ಶಟ್‌ಡೌನ್ ಕೊಡ್ರಿ. ಮಿಂಟ್‌ಗೆ ಬಂದು ಸ್ಟೀಮ್‌ನ ಸೆಟಿಂಗ್ಸ್, ಸ್ಟೋರೇಜ್. ಡಿ ಡ್ರೈವ್‌ನ ಪಟ್ಟಿಯೊಳಗ ಸ್ಕೈರಿಮ್ ಆರಿಸಿ ಮೂವ್ ಒತ್ತಿ ಮಿಂಟ್ ಇರೂ ಡಿಸ್ಕ್‌ಗೆ ಕಳಸ್ರಿ. ಆರೇಳು ಜಿಬಿ, ಹಳೇ ಹಾರ್ಡ್‌ಡಿಸ್ಕ್ ಆದ್ರ ಚಾ ಕುಡಿಯೂದ್ರಾಗ ಆಗ್ತೈತಿ. ಸೆಟಿಂಗ್ಸ್‌ನ ಡೌನ್‌ಲೋಡ್ಸ್‌ನಾಗ ಶೇಡರ್ ಪ್ರೀ-ಕ್ಯಾಶಿಂಗ್ (ಚಿತ್ರದ ಸಿದ್ಧ ಫೈಲ್ ಮೊದಲ ಇಳಿಸಿಕೊಳ್ಳೂದು) ಅಂತೈತಿ, ಅದನ್ನೂ ಬಂದ್ ಮಾಡ್ರಿ. ಆಟ ಮೊದಮೊದಲು ಅಲ್ಲಲ್ಲಿ ತಡವರಿಸ್ತೈತಿ ಅಷ್ಟ, ಆದ್ರ ಡೇಟಾ ಉಳೀತೈತಿ.


ಗೋಕುಲ ರೋಡ್ 21 (ಹುಬ್ಬಳ್ಳಿ)
ಬುಧವಾರ, ಮಧ್ಯಾಹ್ನ 1:15

ನಡುವ ಬಾಯಿ ಹಾಕ್ತೀನಿ, ಕ್ಷಮಿಸ್ರಿ. ನಂದೂ ಲ್ಯಾಪ್‌ಟಾಪ್‌ಗೆ ಮಿಂಟ್ ಹಾಕಬೇಕಂತ ಮನಸೈತಿ, ಆದ್ರ ನಾವು ನಾಲ್ಕು ಮಂದಿ ದೋಸ್ತ್ರು ದಿನಾ ವ್ಯಾಲೊರಂಟ್ ಆಡ್ತೀವಿ. ಪ್ರೋಟಾನ್‌ನಾಗ ಅದು ನಡೀತೈತೇನು? ಒಬ್ಬವ ನಡೀತೈತಿ ಅಂತಾನ, ಏನೋ ಫೈಲ್ ಬದಲಿಸಬೇಕಂತ.


ಉಣಕಲ್ ದಂಡಿ (ಹುಬ್ಬಳ್ಳಿ)
ಬುಧವಾರ, ಮಧ್ಯಾಹ್ನ 2:00

ನಡಿಯೂದಿಲ್ಲ ತಮ್ಮಾ. ಫೈಲ್ ಬದಲಿಸಾಕ ಹೋಗಿ ಅಕೌಂಟ್ ಕಳಕೋಬ್ಯಾಡ.

ಕಾರಣ ತಿಳಕೊ. ವ್ಯಾಲೊರಂಟ್‌ನಾಗ ಮೋಸ ಹಿಡಿಯೂ ವ್ಯಾನ್‌ಗಾರ್ಡ್ ವಿಂಡೋಸ್‌ನ ಕರ್ನಲ್ (ವ್ಯವಸ್ಥಾದ ತಿರುಳು) ಒಳಗ ಡ್ರೈವರ್ ಆಗಿ ಕೂಡ್ತೈತಿ. ಮಾಸ್ತರ್ರು ಹೇಳಿದಂಗ ವೈನ್ ಆಟ ಕೇಳಿದ್ದಕ್ಕ ಹೊರಗ ನಿಂತು ಉತ್ತರ ಕೊಡ್ತೈತಿ. ಅದರ ಕೆಳಗ ಇರೂದು ಲಿನಕ್ಸ್‌ನ ಕರ್ನಲ್, ವಿಂಡೋಸ್‌ದಲ್ಲ. ವ್ಯಾನ್‌ಗಾರ್ಡ್‌ಗೆ ಕೂಡಾಕ ಜಾಗಾನ ಇಲ್ಲ.

ಮೋಸ ಹಿಡಿಯೂ ಬ್ಯಾರೆ ಪ್ರೋಗ್ರಾಮ್ ಈಸಿ ಆ್ಯಂಟಿ-ಚೀಟ್ ಮತ್ತ ಬ್ಯಾಟಲ್‌ಐ ಎರಡೂ 2021ರಾಗ ಪ್ರೋಟಾನ್‌ಗೆ ದಾರಿ ಮಾಡಿ ಕೊಟ್ಟಾವು. ಆದ್ರ ಅದನ್ನ ಚಾಲೂ ಮಾಡಬೇಕೊ ಬ್ಯಾಡೊ ಅನ್ನೂದು ಆಟ ಮಾಡಿದವ್ರ ಕೈಯಾಗೈತಿ. ಚಾಲೂ ಮಾಡಿದವ್ರೂ ವಾಪಸ್ ತೊಗೊಂಡಾರ. ಏಪೆಕ್ಸ್ ಲೆಜೆಂಡ್ಸ್ ಲಿನಕ್ಸ್‌ನಾಗ ನಡೀತಿತ್ತು, 2024ರ ಅಕ್ಟೋಬರ್ ಕೊನಿಗೆ ಬಂದ್ ಮಾಡಿದ್ರು. ಜಿಟಿಎ 5ರ ಕಥಿ ಭಾಗ ನಡೀತೈತಿ, ಆನ್‌ಲೈನ್‌ಗೆ ಅದೇ ವರ್ಷ ಬ್ಯಾಟಲ್‌ಐ ಹಾಕಿದ ಮ್ಯಾಲೆ ಲಿನಕ್ಸ್‌ನವ್ರು ಹೊರಗುಳದ್ರು. ಫೋರ್ಟ್‌ನೈಟ್ ಇಲ್ಲ.

ಕೌಂಟರ್-ಸ್ಟ್ರೈಕ್ 2, ಡೋಟಾ 2 ಲಿನಕ್ಸ್‌ಗೇ ಮಾಡಿದ್ದು ಅದಾವು, ಪ್ರೋಟಾನ್ ಬೇಕಾಗೂದಿಲ್ಲ. ನಾಲ್ಕೂ ಮಂದಿ ಅದಕ್ಕ ಹೊರಳಿದ್ರ ಮಿಂಟ್ ಹಾಕ್ಕೊ. ವ್ಯಾಲೊರಂಟ್ ಬಿಡಾಕ ಆಗೂದಿಲ್ಲ ಅಂದ್ರ ವಿಂಡೋಸ್ ಇಟ್ಕೊ. ಇಲ್ಲದ್ದನ್ನ ಐತಿ ಅಂತ ಹೇಳಿ ಮಂದೀನ ಲಿನಕ್ಸ್‌ಗೆ ಕರಿಯೂದು ನನಗ ಮನಸ್ಸಿಗೆ ಬರೂದಿಲ್ಲ. ಹಂಗ ಬಂದವ್ರು ಎರಡು ದಿನಕ್ಕ ಬೈದು ಹೊಳ್ಳಿ ಹೋಗ್ತಾರ, ಮುಂದ ಯಾರ ಮಾತೂ ಕೇಳೂದಿಲ್ಲ.


ಗೋಕುಲ ರೋಡ್ 21 (ಹುಬ್ಬಳ್ಳಿ)
ಬುಧವಾರ, ಮಧ್ಯಾಹ್ನ 2:20

ಸರಿ ಅಣ್ಣಾ. ನೇರ ಹೇಳಿದ್ದು ಚಲೋ ಆತು. ಪರೀಕ್ಷೆ ಮುಗದ ಮ್ಯಾಲೆ ದೋಸ್ತ್ರನ್ನ ಕೇಳಿ ನೋಡ್ತೀನಿ.


ಮುಳಗುಂದ ನಾಕಾ (ಗದಗ)
ಗುರುವಾರ, ರಾತ್ರಿ 11:05

ಆಟ ಮಿಂಟ್ ಡಿಸ್ಕ್‌ಗೆ ಸರಸೀನಿ, ಫಾಸ್ಟ್ ಸ್ಟಾರ್ಟಪ್ ಬಂದ್ ಮಾಡೀನಿ. ಮೊದಲಿಗಿಂತ ಮುಂದ ಬಂದೈತಿ. ಈಗ ಆಟದ ಸಣ್ಣ ಲಾಂಚರ್ ಕಿಟಕಿ ಬರ್ತೈತಿ. ಅದರಾಗ ಪ್ಲೇ ಒತ್ತಿದ್ರ ಒಂದು ಕರೇ ಕಿಟಕಿ ತಗದು ಮುಚ್ಚಿಬಿಡ್ತೈತಿ. ಖರೆ ಹೇಳಬೇಕಂದ್ರ ಇವತ್ತ ಸಾಕಾಗಿ ಹೋಗೈತಿ. ನಾಳೆ ಕೊನೇ ತಾರೀಖಿನ ಅರ್ಜಿ 14 ಅದಾವು, ಮುಂಜಾನೆ ಬೇಗ ಏಳಬೇಕು. ಆದ್ರೂ ಬಿಡಾಕ ಮನಸಾಗವಲ್ದು.


ಉಣಕಲ್ ದಂಡಿ (ಹುಬ್ಬಳ್ಳಿ)
ಗುರುವಾರ, ರಾತ್ರಿ 11:20

ಅರ್ಜಿ ಮೊದಲ ಮುಗಸ್ರಿ ಅಕ್ಕಾರ, ಮಂದಿ ಭವಿಷ್ಯ ಐತಿ ಅದರಾಗ. ಆಟ ಎಲ್ಲೂ ಹೋಗೂದಿಲ್ಲ.

ಹೊತ್ತು ಸಿಕ್ಕಾಗ ಇದನ್ನ ಮಾಡ್ರಿ. ಆಟದ ಪ್ರಾಪರ್ಟೀಸ್‌ನಾಗ ಲಾಂಚ್ ಆಪ್ಷನ್ಸ್ ಅಂತ ಖಾಲಿ ಡಬ್ಬಿ ಐತಿ. ಫೋನ್‌ನಾಗ ಹೇಳಿದಂಗ ಹೇಳ್ತೀನಿ, ಇಂಗ್ಲಿಷ್‌ನಾಗ ಟೈಪ್ ಮಾಡ್ರಿ: ಪ್ರೋಟಾನ್, ಅಂಡರ್‌ಸ್ಕೋರ್, ಲಾಗ್, ಈಕ್ವಲ್ ಟು, 1. ಇಷ್ಟೂ ಕ್ಯಾಪಿಟಲ್ ಅಕ್ಷರ, ನಡುವ ಜಾಗಾ ಇಲ್ಲ. ಆಮ್ಯಾಲೆ ಒಂದು ಸ್ಪೇಸ್ ಬಿಟ್ಟು ಪರ್ಸೆಂಟ್ ಚಿಹ್ನೆ, ಸಣ್ಣ ಅಕ್ಷರದಾಗ ಕಮಾಂಡ್, ಮತ್ತ ಪರ್ಸೆಂಟ್ ಚಿಹ್ನೆ. ಒಮ್ಮೆ ಆಟ ಒತ್ರಿ, ಮುಚ್ಚಿಕೊಳ್ಳಿ ಬಿಡ್ರಿ. ನಿಮ್ಮ ಹೋಮ್ ಫೋಲ್ಡರ್‌ನಾಗ ಸ್ಟೀಮ್-72850 ಅಂತ ಒಂದು ಲಾಗ್ ಫೈಲ್ ಬಂದಿರ್ತೈತಿ. ಭಾಳ ಉದ್ದ ಇರ್ತೈತಿ, ಅಂಜಬ್ಯಾಡ್ರಿ. ಅದರಾಗ "ವಲ್ಕನ್" ಅಂತ ಹುಡುಕಿ ಆ ಸಾಲು ಇಲ್ಲಿ ಹಾಕ್ರಿ.

ನನಗ ಒಂದು ಸಂಶಯ ಐತಿ, ಆದ್ರ ಲಾಗ್ ನೋಡದ ಹೇಳೂದಿಲ್ಲ.


ಮುಳಗುಂದ ನಾಕಾ (ಗದಗ)
ಶನಿವಾರ, ರಾತ್ರಿ 8:45

ಅರ್ಜಿ ಎಲ್ಲಾ ಹೋದ್ವು, 14ಕ್ಕ 14. ಈಗ ಲಾಗ್ ತಗದೀನಿ. ಎರಡು ಸಾಲು ಸಿಕ್ಕಾವು. ಒಂದರಾಗ ಜಿಟಿ 710 ಹೆಸರು ಐತಿ, ಅದರ ವಲ್ಕನ್ 1.2, ಅದಕ್ಕ ಬಿಟ್ಟೀನಿ ಅನ್ನೂ ಅರ್ಥ ಬರ್ತೈತಿ. ಅದರ ಕೆಳಗ ಡಿಎಕ್ಸ್‌ವಿಕೆಗೆ ಯಾವ ಅಡಾಪ್ಟರ್ರೂ ಸಿಗಲಿಲ್ಲ ಅಂತೈತಿ. ಅಂದ್ರ ಕಾರ್ಡ್ ಕೆಟ್ಟೈತೇನ್ರಿ?


ಉಣಕಲ್ ದಂಡಿ (ಹುಬ್ಬಳ್ಳಿ)
ಶನಿವಾರ, ರಾತ್ರಿ 9:00

ಕಾರ್ಡ್ ಏನೂ ಕೆಟ್ಟಿಲ್ಲ! ಸಂಶಯ ಖರೆ ಆತು.

ಜಿಟಿ 710 ಕೆಪ್ಲರ್ ಅನ್ನೂ ಹಳೇ ಪೈಕಿ. ಅದಕ್ಕ ಎನ್‌ವಿಡಿಯಾ ಕೊಟ್ಟ ಕೊನೇ ಡ್ರೈವರ್ ಸಾಲು 470, ಅದರಾಗ ವಲ್ಕನ್ 1.2ರ ತನಕ ಮಾತ್ರ ಐತಿ. ಡಿಎಕ್ಸ್‌ವಿಕೆ 2022ರ ನವೆಂಬರ್‌ನಾಗ 2.0 ಆತು, ಅಲ್ಲಿಂದ ಅದಕ್ಕ ವಲ್ಕನ್ 1.3 ಬೇಕ ಬೇಕು. ಪ್ರೋಟಾನ್ 8ರಿಂದ ಮುಂದಿನವ್ರಾಗ ಹೊಸ ಡಿಎಕ್ಸ್‌ವಿಕೆ ಐತಿ. ನಿಮ್ಮ ಪ್ರೋಟಾನ್ 9 ನಿಮ್ಮ ಕಾರ್ಡನ್ನ ನೋಡಿ ನಿನ್ನ ಕೂಡ ಆಗೂದಿಲ್ಲ ಅಂತ ಬಿಟ್ಟೈತಿ, ಚಿತ್ರ ಬಿಡಿಸಾಕ ಬ್ಯಾರೆ ಯಾರೂ ಇಲ್ಲ, ಆಟ ಮುಚ್ಚಿಕೊಂಡೈತಿ.

ಪ್ರೋಟಾನ್ 7ರಾಗ ಹಳೇ 1.10 ಸಾಲಿನ ಡಿಎಕ್ಸ್‌ವಿಕೆ ಐತಿ. ಅದಕ್ಕ ನಿಮ್ಮ ಕಾರ್ಡ್ ಸಾಕು. ಸ್ಕೈರಿಮ್ 2011ರ ಡೈರೆಕ್ಟ್‌ಎಕ್ಸ್ 9ರ ಆಟ, ಅದಕ್ಕ ಹೊಸಾದು ಬೇಕಾಗೂದೂ ಇಲ್ಲ.

ಮಾಡೂದು ಹಿಂಗ. ಸ್ಟೀಮ್ ಲೈಬ್ರರಿಯೊಳಗ ಟೂಲ್ಸ್ ಅಂತ ಆರಿಸಿ ಪ್ರೋಟಾನ್ 7.0 ಹಾಕ್ಕೋರಿ. ಇದು ನೂರಾರು ಎಂಬಿ ಐತಿ, ಡೇಟಾ ನೋಡ್ಕೊಂಡು ಮಾಡ್ರಿ. ಆಮ್ಯಾಲೆ ಆಟದ ಕಂಪ್ಯಾಟಿಬಿಲಿಟಿಯೊಳಗ ಅದನ್ನ ಆರಸ್ರಿ. ಒತ್ತೂಕಿಂತ ಮೊದಲ ಕಾಂಪ್ಯಾಟ್‌ಡೇಟಾದಾಗಿನ 72850 ಫೋಲ್ಡರ್ ಪೂರ್ತಿ ಅಳಸ್ರಿ. ಅದನ್ನ ಪ್ರೋಟಾನ್ 9 ಕಟ್ಟೈತಿ, ಹಿಂದಿನ ಆವೃತ್ತಿಗೆ ಅದು ಸರಿ ಹೊಂದೂದಿಲ್ಲ. ಅಳಿಸಿದ್ರ 7 ತಾನ ಹೊಸಾದು ಕಟ್ಕೋತೈತಿ. ಸೇವ್ ಫೈಲ್ ಅದರಾಗ ಹಾಕಿದ್ರ ಅವೂ ಹೋಗ್ತಾವು, ಪೆನ್‌ಡ್ರೈವ್‌ನಾಗ ಅದಾವು ಅಂತ ಇನ್ನೊಮ್ಮೆ ಖಾತ್ರಿ ಮಾಡ್ಕೋರಿ.

ಸ್ಕೈರಿಮ್‌ನ ಈ ಆವೃತ್ತಿ 32 ಬಿಟ್. 470ರ 32 ಬಿಟ್ ಲೈಬ್ರರಿ ಬಂದೈತೊ ಇಲ್ಲೊ ಸಿನಾಪ್ಟಿಕ್ ಅನ್ನೂ ಸಾಫ್ಟ್‌ವೇರ್ ಹಾಕೂ ಪ್ರೋಗ್ರಾಮ್‌ನಾಗ ಒಮ್ಮೆ ನೋಡ್ರಿ. ಹೆಸರಿನ ಕೊನಿಗೆ ಐ386 ಅಂತಿರ್ತೈತಿ. ಇಲ್ಲಂದ್ರ ಹಾಕ್ಕೋರಿ.


ರಾಣೆಬೆನ್ನೂರ ರಾತ್ರಿಪಾಳಿ
ಶನಿವಾರ, ರಾತ್ರಿ 11:30

ಅಣ್ಣಾ, ನಂದು ಜಿಟಿ 730. ಅದಕ್ಕೂ ಇದ ದಾರಿನೇನು? ಎಮ್ಯುಲೇಟರ್ ಅಂದದ್ದು ನಂದು ತಪ್ಪಾತು, ಮಾಸ್ತರ್ರು ಬರದದ್ದು ಓದಿ ತಿಳೀತು.


ಉಣಕಲ್ ದಂಡಿ (ಹುಬ್ಬಳ್ಳಿ)
ಭಾನುವಾರ, ಬೆಳಿಗ್ಗೆ 7:40

730 ಅನ್ನೂ ಒಂದೇ ಹೆಸರಿನ್ಯಾಗ ಎರಡು ಜಾತಿ ಕಾರ್ಡ್ ಮಾರ್ಯಾರ. ಕೆಪ್ಲರ್‌ದಿದ್ರ ಇದ ದಾರಿ. ಅದಕ್ಕಿಂತ ಹಳೇ ಫರ್ಮಿದಿದ್ರ ವಲ್ಕನ್ನ ಇಲ್ಲ, ಆಗ ಪ್ರೋಟಾನ್‌ಗೆ ವೈನ್‌ನ ಹಳೇ ತಿರುಗಿಸೂ ಭಾಗ ವೈನ್‌ಡಿ3ಡಿ ಬಳಸು ಅಂತ ಹೇಳಿ ಓಪನ್‌ಜಿಎಲ್ ಮ್ಯಾಲೆ ನಡಸಬೇಕು. ಹಳೇ ಆಟ ಅಷ್ಟ ಆಗ್ತಾವು, ನಿಧಾನ. ಕಾರ್ಡ್ ಇಲ್ಲದ ಫೋರ್ತ್ ಜನರೇಷನ್ ಇಂಟೆಲ್‌ದವ್ರಿಗೂ ಇದನ್ನ ಹೇಳ್ತೀನಿ, ಅದರ ವಲ್ಕನ್ ಅರ್ಧಮರ್ಧ ಐತಿ.

ಹಳೇ ಕಾರ್ಡ್ ಕೊಳ್ಳೂ ವಿಚಾರ ಇದ್ದವ್ರು ವಲ್ಕನ್ 1.3 ಐತೇನು ಅಂತ ಮೊದಲ ಕೇಳ್ರಿ. ಎಷ್ಟು ಜಿಬಿ ಅನ್ನೂದು ಆಮ್ಯಾಲಿನ ಮಾತು. ನನ್ನ ಅಂಗಡಿಗೆ ಬರೂ ಹುಡುಗ್ರು 4 ಜಿಬಿ ಕಾರ್ಡ್ ಅಂತ ಹಿಗ್ಗಿ ತಂದಿರ್ತಾರ, ಒಳಗ ನೋಡಿದ್ರ ಫರ್ಮಿ. ಅವ್ರ ಮಾರಿ ನೋಡಾಕ ಆಗೂದಿಲ್ಲ.


ಬ್ಯಾಡಗಿ ಖಾರ (ಹಾವೇರಿ ಜಿಲ್ಲೆ)
ಭಾನುವಾರ, ಬೆಳಿಗ್ಗೆ 9:10

ನಂದೂ ಒಂದು ಕೇಳ್ತೀನಿ. ನನ್ನ ಕಡೆ ಹಳೇ ಸೀಡಿಗಳು ಅದಾವು, ನೆಟ್ ಸೆಂಟರ್ ಕಾಲದವು. ಕ್ರಿಕೆಟ್, ಐಜಿಐ, ಕಾರ್ ರೇಸ್. ವಿಂಡೋಸ್ 10ರಾಗ ಅವು ಓಡಲೇ ಇಲ್ಲ. ವೈನ್‌ನಾಗ ಓಡ್ತಾವೇನು?


ಸಪ್ತಾಪುರ ಮಾಸ್ತರ (ಧಾರವಾಡ)
ಭಾನುವಾರ, ಬೆಳಿಗ್ಗೆ 10:00

ಸೀಡಿ ಯಾವುದು ಅನ್ನೋದರ ಮ್ಯಾಲೆ ಅದ. ಆ ಕಾಲದ ಸುಮಾರು ಆಟಗಳು ಅಸಲಿ ಸೀಡಿ ಹೌದೋ ಅಲ್ಲೋ ನೋಡಲಿಕ್ಕೆ ಸೇಫ್‌ಡಿಸ್ಕ್‌ನಂಥಾ ಕಾವಲು ಇಟ್ಟಿದ್ವು. ಅದಕ್ಕೊಂದು ಡ್ರೈವರ್ ಬೇಕಾಗ್ತಿತ್ತು, ಭದ್ರತಾ ಕಾರಣಕ್ಕ ವಿಂಡೋಸ್ 10ರಿಂದ ಮೈಕ್ರೋಸಾಫ್ಟ್ ಅದನ್ನ ತಗದು ಹಾಕಿತು. ಅಂಥಾ ಸೀಡಿ ವೈನ್‌ನಾಗೂ ತಕರಾರು ಮಾಡ್ತಾವ. ಕಾವಲು ಇಲ್ಲದ ಸೀಡಿ ಇದ್ರ ಹಾಕಿ ನೋಡ್ರಿ. 16 ಬಿಟ್ ಸೆಟಪ್ ಇರೋ ತೊಂಬತ್ತರ ದಶಕದ ಆಟಗಳನ್ನ 64 ಬಿಟ್ ವಿಂಡೋಸ್ ಮುಟ್ಟೂದೇ ಇಲ್ಲ, ವೈನ್ ಅವನ್ನೂ ತಗೀತದ. ಹಳೇದಕ್ಕ ವಿಂಡೋಸ್‌ಗಿಂತ ವೈನ್ ಹೆಚ್ಚು ನಿಷ್ಠೆ ತೋರಿಸ್ಯದ ಅಂತ ನಾ ಧೈರ್ಯದಿಂದ ಹೇಳ್ತೀನಿ.

ಲೂಟ್ರಿಸ್ ಅಂತ ಪ್ರೋಗ್ರಾಮ್ ಹಾಕ್ಕೊಂಡು ಒಂದೊಂದು ಸೀಡಿಗೂ ಬ್ಯಾರೆ ಬ್ಯಾರೆ ಪ್ರಿಫಿಕ್ಸ್ ಮಾಡ್ರಿ. ಎಲ್ಲಾ ಒಂದರಾಗ ತುಂಬಿದ್ರ ಒಂದು ಆಟಕ್ಕ ಮಾಡಿದ ಬದಲಾವಣೆ ಇನ್ನೊಂದನ್ನ ಕೆಡಸ್ತದ. ಗಾಗ್ ಅನ್ನೋ ಆನ್‌ಲೈನ್ ಅಂಗಡಿಯಾಗ ಕಾವಲಿಲ್ಲದ ಹಳೇ ಆಟ ಸಿಗ್ತಾವ, ಅವಕ್ಕ ಹೀರೊಯಿಕ್ ಅನ್ನೋ ಪ್ರೋಗ್ರಾಮ್ ಅನುಕೂಲ.


ಮುಳಗುಂದ ನಾಕಾ (ಗದಗ)
ಭಾನುವಾರ, ರಾತ್ರಿ 10:20

ನಡೀತ್ರಿ!

ಪ್ರೋಟಾನ್ 7 ಮಧ್ಯಾಹ್ನ ಇಳಿಸಿದೆ, ನಂದು, ಅವ್ವಂದು ಎರಡೂ ಫೋನಿನ ಡೇಟಾ ಅದಕ್ಕ ಹೋತು. ಐ386 ಲೈಬ್ರರಿ ಒಂದು ಇರಲಿಲ್ಲ, ಸಿನಾಪ್ಟಿಕ್‌ನಾಗ ಹಾಕಿದೆ. 72850 ಫೋಲ್ಡರ್ ಅಳಿಸುವಾಗ ಕೈ ನಡಗ್ತಿತ್ತು, ಪೆನ್‌ಡ್ರೈವ್ ತಗದು 37 ಫೈಲ್ ಮತ್ತೊಮ್ಮೆ ಎಣಿಸಿ ಅಳಿಸಿದೆ. ಪ್ಲೇ ಒತ್ತಿದೆ. ಕರೇ ಕಿಟಕಿ ಬಂತು, ಈ ಸಲ ಮುಚ್ಚಲಿಲ್ಲ. ಕತ್ತಲಿಯಿಂದ ಆ ಡ್ರ್ಯಾಗನ್ ಗುರುತು ಮೂಡಿ ಹಾಡು ಶುರು ಆತು. ಅವ್ವ ಅಡಿಗಿಮನಿಯಿಂದ "ಅವ ಬಂದಾನೇನ?" ಅಂತ ಹೊರಗ ಬಂದ್ಳು. ಈ ಮನ್ಯಾಗ ಆ ಹಾಡು ಬಂದ್ರ ಅವ ಬಂದಾನಂತನ ಅರ್ಥ.

ಆಟ ಮುಚ್ಚಿ, ಹೊಸಾ ಪ್ರಿಫಿಕ್ಸ್‌ನ ಡ್ರೈವ್_ಸಿ, ಯೂಸರ್ಸ್, ಸ್ಟೀಮ್‌ಯೂಸರ್, ಡಾಕ್ಯುಮೆಂಟ್ಸ್, ಮೈ ಗೇಮ್ಸ್ ಅಂತ ಒಳಗ ಹೋಗಿ 37 ಫೈಲ್ ಹಾಕಿದೆ. ಮತ್ತ ತಗದ್ರ ಪಟ್ಟಿ ಪೂರ್ತಿ ಬಂತು. ಕೊನೇದ್ದು ತಗದೆ. ಅವನ ಆಳು ವೈಟ್‌ರನ್ ಊರಾಗ ಒಂದು ಮನಿ ಒಳಗ, ಒಲಿ ಮುಂದ ನಿಂತಾನ. ದೀಪಾವಳಿ ರಜಾ ಮುಗಿಸಿ ಹೋಗುವಾಗ ಅಲ್ಲಿ ನಿಲ್ಲಿಸಿ ಹೋಗಿದ್ದ. 1280×720ಕ್ಕ ಇಳಿಸಿ ನೆರಳು ಕಡಿಮಿ ಮಾಡೀನಿ, ವಿಂಡೋಸ್‌ನಾಗ ಹೆಂಗಿತ್ತೊ ಹಂಗ ಓಡ್ತೈತಿ. ಅವನಿಗಿನ್ನೂ ಹೇಳಿಲ್ಲ.

ಉಣಕಲ್ ಅಣ್ಣಾರ, ನೀವು ಒಂದು ರೂಪಾಯಿ ಕೇಳದ ಒಂದು ವಾರ ಕೈ ಹಿಡದು ನಡಿಸಿದ್ರಿ. ಗದಗಿಗೆ ಬಂದ್ರ ನಮ್ಮ ಮನಿಗೆ ಊಟಕ್ಕ ಬರಬೇಕು.


ಉಣಕಲ್ ದಂಡಿ (ಹುಬ್ಬಳ್ಳಿ)
ಭಾನುವಾರ, ರಾತ್ರಿ 10:35

ಬರ್ತೀನಿ ಅಕ್ಕಾರ. ಮಿಂಟ್ ಅಪ್‌ಡೇಟ್ ಮಾಡುವಾಗ 470 ಡ್ರೈವರ್ ಹೋಗದಂಗ ನೋಡ್ಕೋರಿ. ಹೊಸ ಕರ್ನಲ್ ಹಾಕಿದ ಮ್ಯಾಲೆ ಪರದೆ ಬರದಿದ್ರ ಬೂಟ್ ಮೆನುವಿನ್ಯಾಗ ಹಿಂದಿನ ಕರ್ನಲ್ ಆರಿಸಿ ಒಳಗ ಬರ್ರಿ. ಹಳೇ ಕರ್ನಲ್ ಒಂದನ್ನ ಯಾವಾಗ್ಲೂ ಅಳಸಬ್ಯಾಡ್ರಿ.


ಮುಳಗುಂದ ನಾಕಾ (ಗದಗ)
ಯುಗಾದಿ ಮರುದಿನ, ರಾತ್ರಿ 9:15

ತಮ್ಮ ಬಂದ, ಆಡಿದ, ಇವತ್ತ ಸಂಜಿಗೆ ಹೊಳ್ಳಿ ಹೋದ. ಮೊದಲನೇ ದಿನ ಒಂದು ತಾಸು ಆಡಿದ ಮ್ಯಾಲೆ "ಅಕ್ಕಾ, ವಿಂಡೋಸ್ ಯಾವಾಗ ತಗೀತಿ?" ಅಂತ ಕೇಳಿದ. ಅವ ಕುಂತಿದ್ದ ಮಿಂಟ್ ಮ್ಯಾಲೆ.

ಹೋಗುವಾಗ ಹೊಸ ಸೇವ್ ಫೈಲ್ ಪೆನ್‌ಡ್ರೈವ್‌ನಾಗ ಹಾಕ್ಕೊಂಡು ಹೋಗಿದ್ದ. ಈಗ ಹಾಸ್ಟೆಲ್‌ನಿಂದ ಫೋನ್ ಮಾಡಿದ್ದ. ರೂಮಿನ ದೋಸ್ತನ ವಿಂಡೋಸ್ ಲ್ಯಾಪ್‌ಟಾಪ್‌ನಾಗ ಅದ ಫೈಲ್ ಹಾಕಿದ್ರ ಅಲ್ಲೂ ತಗದೈತಂತ, ಇಲ್ಲಿ ಬಿಟ್ಟಲ್ಲಿಂದ ಮುಂದ ಆಡಾಕತ್ತಾನ.

ವಿಂಡೋಸ್ ಇದ್ದ ಭಾಗ ಈಗ ಅಳಿಸಿದೆ. ಜಿಟಿ 710 ಇದ್ದವ್ರು ಯಾರಾದ್ರೂ ಇಲ್ಲಿಗೆ ಬಂದ್ರ ಶನಿವಾರ ರಾತ್ರಿ 9 ಗಂಟೆಗೆ ಉಣಕಲ್ ಅಣ್ಣಾರು ಬರದದ್ದನ್ನ ಮೊದಲ ಓದ್ರಿ.